ವಿಡಿಯೊ ಆಟಗಳ ವಿಮರ್ಶೆಯಲ್ಲಿ ಅಂಕಮಾನದ ಸರಳೀಕರಣ

ವಿಡಿಯೊ ಆಟಗಳ ವಿಮರ್ಶೆಯ ಕೊನೆಯಲ್ಲಿ ಅಂಕವೊಂದನ್ನು ನಮೂದಿಸುವ ವಾಡಿಕೆ 1980ರ ದಶಕದ ಪತ್ರಿಕೆಗಳಲ್ಲಿಯೇ ನೆಲೆಗೊಂಡಿತು. ಬ್ರಿಟನ್ನಿನ ‘ಕ್ರ್ಯಾಶ್’, ‘ಜ್ಯಾಪ್ 64’ ಮೊದಲಾದವು ನೂರಕ್ಕೆ ಇಷ್ಟೆಂದು ಅಂಕವಿತ್ತರೆ, ಜಪಾನಿನ ‘ಫಾಮಿತ್ಸು’ ನಾಲ್ವರು ವಿಮರ್ಶಕರು ತಲಾ ಹತ್ತಕ್ಕೆ ಕೊಟ್ಟ ಅಂಕಗಳನ್ನು ಕೂಡಿಸಿ ನಲವತ್ತಕ್ಕೆ ಮೊತ್ತವನ್ನು ಹೇಳುತ್ತ ಬಂದಿತು. ನೂರರ ಮಾನ ಅತಿಸೂಕ್ಷ್ಮವೆಂದೂ, 84ಕ್ಕೂ 85ಕ್ಕೂ ಇರುವ ಅಂತರವನ್ನು ಯಾವ ವಿಮರ್ಶಕನೂ ಸಮರ್ಥಿಸಲಾರನೆಂದೂ ಆಕ್ಷೇಪವೆದ್ದುದು ಸಹಜವೇ. ಆದರೆ ಮಾನವನ್ನು ಸರಳಗೊಳಿಸಿದ ಮೇಲೂ ಅತೃಪ್ತಿ ಶಮನವಾಗಲಿಲ್ಲ. ಅದೇಕೆಂಬುದು ವಿಚಾರಾರ್ಹವಾಗಿದೆ.

ಅಮೆರಿಕದ ಐಜಿಎನ್ ಎಂಬ ಅಂತರ್ಜಾಲ ಪ್ರಕಟಣೆಯ ಚರಿತ್ರೆಯನ್ನೇ ನೋಡಬಹುದು. ಹತ್ತಕ್ಕೆ ದಶಮಾಂಶಸಹಿತವಾಗಿ ಅಂಕವೀಯುತ್ತಿದ್ದ ಈ ಸಂಸ್ಥೆ 2010ರಲ್ಲಿ ಅರ್ಧ ಅರ್ಧ ಅಂಕಗಳ ಮಾನಕ್ಕೆ ಇಳಿಯಿತು. 2012ರಲ್ಲಿ ಹಳೆಯ ಪದ್ಧತಿಗೇ ಮರಳಿತು. 2020ರಲ್ಲಿ ದಶಮಾಂಶವನ್ನು ಪೂರ್ತಿಯಾಗಿ ಕೈಬಿಟ್ಟು ಪೂರ್ಣಾಂಕಗಳನ್ನಷ್ಟೇ ಉಳಿಸಿಕೊಂಡಿತು. ಹತ್ತು ವರ್ಷಗಳಲ್ಲಿ ಮೂರು ಸಲ ಕೊಳಗವನ್ನು ಬದಲಿಸಿದರೆ ಹಿಂದಿನ ರಾಶಿಗೂ ಇಂದಿನ ರಾಶಿಗೂ ಲೆಕ್ಕ ಹೊಂದುವುದೆಂತು? 2009ರ ಎಂಟೂ 2011ರ ಎಂಟೂ 2021ರ ಎಂಟೂ ಒಂದೇ ಪರಿಮಾಣವಲ್ಲವೆಂಬುದನ್ನು ಈ ಅಂಕಗಳನ್ನು ಆಕರವಾಗಿ ಬಳಸುವ ಚರಿತ್ರಕಾರನು ಮರೆಯಬಾರದು.

ಸರಳೀಕರಣದ ನಿಜವಾದ ದೋಷ ಇನ್ನೊಂದು ಕಡೆ ಇದೆ. ವಿಮರ್ಶಕರ ಅಂಕಗಳು ಮಾನದ ಮೇಲರ್ಧದಲ್ಲಿಯೇ ಗುಂಪುಗೂಡುವುದು ಬಹುಕಾಲದಿಂದ ಕೇಳಿಬಂದಿರುವ ದೂರು. ಉದಾಹರಣೆಗಾಗಿ, ಗಣನೀಯ ಆಟಗಳೆಲ್ಲ 6ರಿಂದ 9.5ರವರೆಗಿನ ಅಂಕಗಳನ್ನೇ ಪಡೆಯುವುವೆಂದು ಇಟ್ಟುಕೊಳ್ಳೋಣ. ದಶಮಾಂಶದ ಮಾನದಲ್ಲಿ ಈ ಅವಧಿಗೆ 36 ಮೆಟ್ಟಿಲುಗಳುಂಟು; ಅರ್ಧಾಂಕದ ಮಾನದಲ್ಲಿ ಎಂಟು; ಪೂರ್ಣಾಂಕದಲ್ಲಿ ಕೇವಲ ನಾಲ್ಕು. ಹತ್ತರ ಮಾನವೆಂದು ಹೆಸರು, ವ್ಯವಹಾರದಲ್ಲಿ ನಾಲ್ಕರ ಮಾನ! ಕೆಳಗಿನ ಮೆಟ್ಟಿಲುಗಳನ್ನು ತುಳಿಯುವ ಧೈರ್ಯವಿಲ್ಲದೆ ಮೇಲಿನವನ್ನು ಕಿತ್ತರೆ ಸಾಧಾರಣವಾದುದೂ ಉತ್ತಮವಾದುದೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತವೆ. ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಇದು ಅಪರಿಚಿತವಾದ ಸಂಕಟವೇನಲ್ಲ. 1991ರಿಂದ 1996ರವರೆಗೆ ನಡೆದ ಬ್ರಿಟನ್ನಿನ ‘ಅಮಿಗ ಪವರ್’ ಪತ್ರಿಕೆ, ಸಾಧಾರಣ ಆಟಕ್ಕೆ 50ರ ಆಸುಪಾಸಿನ ಅಂಕವೇ ನ್ಯಾಯವೆಂದು ಹಟ ಹಿಡಿದು, ನೂರರ ಮಾನವನ್ನು ಆದ್ಯಂತವಾಗಿ ಬಳಸಿತು. ಮಾನವನ್ನು ಮೊಟಕುಗೊಳಿಸಿದ ಅನಂತರದ ಸುಧಾರಣೆಗಳಿಗಿಂತ ಈ ಹಟವೇ ಹೆಚ್ಚು ಪ್ರಾಮಾಣಿಕವಾದುದೆಂದು ನನ್ನ ಅಭಿಪ್ರಾಯ.

ಇದನ್ನು ಕೇವಲ ರುಚಿಭೇದದ ಜಗಳವೆಂದು ತಳ್ಳಿಹಾಕುವಂತಿಲ್ಲ. 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ಸಂಸ್ಥೆ ನಾನಾ ಪ್ರಕಟಣೆಗಳ ಅಂಕಗಳನ್ನು ನೂರಕ್ಕೆ ಪರಿವರ್ತಿಸಿ ಸರಾಸರಿ ತೆಗೆಯುತ್ತದೆ. ಅಲ್ಲಿ ಐದರಲ್ಲಿ ನಾಲ್ಕು ನಕ್ಷತ್ರಗಳು 80 ಆಗುತ್ತವೆ. ದಶಮಾಂಶದ ಮಾನದಲ್ಲಿ 8.4 ಪಡೆಯಬಹುದಾದ ಆಟ ಈ ಲೆಕ್ಕದಲ್ಲಿ 84. ಸಮೀಪದ ಅರ್ಧಾಂಕಕ್ಕೆ ಒಯ್ದರೆ 85. ಪೂರ್ಣಾಂಕಕ್ಕೆ ಇಳಿಸಿದರೆ 80. ವಿಮರ್ಶಕನು ಬೇಕೆಂದೇ ತ್ಯಜಿಸಿದ ಸೂಕ್ಷ್ಮತೆಯನ್ನು ಸರಾಸರಿಯು ಮತ್ತೆ ಕಲ್ಪಿಸಿಕೊಳ್ಳುತ್ತದೆ. ಅಂತಹ ಒಂದು ಅಂಕದ ಬೆಲೆಯೆಷ್ಟೆಂಬುದು 2010ರ ಅಕ್ಟೋಬರಿನಲ್ಲಿ ಪ್ರಕಟವಾದ ‘ಫಾಲ್‌ಔಟ್: ನ್ಯೂ ವೇಗಸ್’ ಆಟದ ಪ್ರಸಂಗದಿಂದ ತಿಳಿದುಬರುತ್ತದೆ. ಮೆಟಾಕ್ರಿಟಿಕ್‌ನಲ್ಲಿ 85 ಬಂದಿದ್ದರೆ ಆಟವನ್ನು ರಚಿಸಿದ ಆಬ್ಸಿಡಿಯನ್ ಸಂಸ್ಥೆಗೆ ವಿಶೇಷ ಸಂಭಾವನೆ ಸಲ್ಲಬೇಕಾಗಿತ್ತೆಂದೂ, ಬಂದದ್ದು 84 ಆದುದರಿಂದ ಅದು ತಪ್ಪಿತೆಂದೂ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗಪಡಿಸಿದರು. ಈ ನಷ್ಟಕ್ಕೆ ಅಂಕಮಾನದ ಸರಳೀಕರಣವೇ ಕಾರಣವೆಂದು ಸಾಧಿಸಲಾಗದು. ಆದರೆ ಸಮರ್ಥಿಸಲಾಗದ ಅಂತರವೆಂದು ವಿಮರ್ಶಕರು ಕೈಬಿಟ್ಟುದೇ ಇನ್ನೊಂದೆಡೆ ಕರಾರಿನ ನಿಬಂಧನೆಯಾಗಿ ನಿಂತಿತ್ತು.

ಅಂಕವನ್ನೇ ತೆಗೆದುಹಾಕಿದವರೂ ಉಂಟು. ಬ್ರಿಟನ್ನಿನ ಯೂರೋಗೇಮರ್ 2015ರಲ್ಲಿ ಹತ್ತರ ಮಾನವನ್ನು ತ್ಯಜಿಸಿ ‘ಅವಶ್ಯಕ’, ‘ಶಿಫಾರಸು ಮಾಡಲಾಗಿದೆ’, ‘ವರ್ಜ್ಯ’ ಎಂಬರ್ಥದ ಮೂರು ಮುದ್ರೆಗಳನ್ನು ಮಾತ್ರ ಇಟ್ಟುಕೊಂಡಿತು. ಎಂಟು ವರ್ಷಗಳ ತರುವಾಯ, 2023ರಲ್ಲಿ, ಅದೇ ಪ್ರಕಟಣೆ ಐದು ನಕ್ಷತ್ರಗಳ ಮಾನವನ್ನು ಸ್ವೀಕರಿಸಿತು.