ಎರಡು ಅಣು, ಎರಡು ಪತಂಗ: ನವಲಿ ಸೀಮೆಯ ಬೆಳೆಗಳಲ್ಲಿ ಗಂಡು ಪತಂಗದ ಘ್ರಾಣವಿವೇಕ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತವೇ ಮುಖ್ಯ ಬೆಳೆ. ಇಲ್ಲಿಯವರ ಮಾತಿನಲ್ಲಿ ಅದು ನೆಲ್ಲು. ಕುಷ್ಟಗಿ, ಯಲಬುರ್ಗಾ ಕಡೆ ಹೊರಳಿದರೆ ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಹೊಲಗಳು, ಅವುಗಳಲ್ಲಿ ಕಡಲೆ, ತೊಗರಿ, ಸಜ್ಜೆ, ಹತ್ತಿ. ನವಲಿ ಈ ಎರಡು ಬಗೆಯ ಬೇಸಾಯ ಹತ್ತಿರ ಬರುವ ಸೀಮೆಯ ಊರು. ಭತ್ತದ ಸುಳಿ ಒಣಗಿಸಿ, ತೆನೆ ಬಿಳಿಚುವಂತೆ ಮಾಡುವ ಹಳದಿ ಕಾಂಡಕೊರಕವೂ ಕಡಲೆ, ತೊಗರಿಗಳ ಕಾಯಿಕೊರಕವೂ ಇಲ್ಲಿ ಹೆಚ್ಚು ದೂರವಿಲ್ಲದ ಹೊಲಗದ್ದೆಗಳಲ್ಲಿ ಬದುಕುತ್ತವೆ. ಕೀಟಕುಲದ ವರ್ಗೀಕರಣದಲ್ಲಿ ಇವು ಬೇರೆಬೇರೆ ಕುಟುಂಬಗಳವು. ಆದರೂ ಇವೆರಡರ ಹೆಣ್ಣುಗಳು ಇರುಳಿನಲ್ಲಿ ಗಂಡನ್ನು ಕರೆಯಲು ಸೂಸುವ ಮುಖ್ಯ ಅಣುಗಳು ಅವೇ ಎರಡು: ಸಿಸ್-11-ಹೆಕ್ಸಾಡೆಸೆನಾಲ್ ಮತ್ತು ಸಿಸ್-9-ಹೆಕ್ಸಾಡೆಸೆನಾಲ್.

ಎರಡೂ ಹದಿನಾರು ಇಂಗಾಲಗಳ ಸರಪಳಿಯ ಆಲ್ಡಿಹೈಡ್‌ಗಳು. ಜೋಡಿಬಂಧ ಒಂದರಲ್ಲಿ ಹನ್ನೊಂದನೆಯ ಇಂಗಾಲದಲ್ಲಿದೆ, ಇನ್ನೊಂದರಲ್ಲಿ ಒಂಬತ್ತನೆಯದರಲ್ಲಿ. ವ್ಯತ್ಯಾಸ ಅಷ್ಟೇ. ಕಾಯಿಕೊರಕದ ಹೆಣ್ಣು ಇವನ್ನು ಸುಮಾರು 97:3 ಪ್ರಮಾಣದಲ್ಲಿ ಬೆರೆಸುತ್ತದೆ. ಹಳದಿ ಕಾಂಡಕೊರಕದಲ್ಲಿ ಅದು ಸುಮಾರು 3:1 ಎಂದು 1985ರಲ್ಲಿ ಅಲನ್ ಕಾರ್ಕ್ ಮತ್ತು ಸಂಗಡಿಗರು ತೋರಿಸಿದರು. ಇದೇ ಸೀಮೆಯ ಹತ್ತಿ ಹೊಲಗಳ ಗುಲಾಬಿ ಕಾಯಿಕೊರಕ ಬೇರೆಯೇ ಎರಡು ಅಣುಗಳನ್ನು ಬಳಸುತ್ತದೆ. ಆದರೆ ಅಲ್ಲಿಯೂ ನಿರ್ಣಾಯಕವಾದುದು ಪ್ರಮಾಣವೇ, ಹೆಚ್ಚುಕಡಿಮೆ ಸಮಸಮ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಗಂಡು ಪತಂಗ ಕತ್ತಲಲ್ಲಿ, ಗಾಳಿಯಲ್ಲಿ ಹಾರುತ್ತಲೇ ಹೇಗೆ ಅಳೆಯುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಅದಕ್ಕೆ ದೊರೆತಿರುವ ಉತ್ತರ ನಮ್ಮ ಹೊಲಗಳ ಮೋಹಕ ಬಲೆಗಳಿಗೂ ನೇರವಾಗಿ ಸಂಬಂಧಿಸಿದ್ದು ಎಂಬುದು ನನ್ನ ವಾದ.

ಈ ವಿಷಯದ ಆಧುನಿಕ ಅಧ್ಯಯನ ರೇಷ್ಮೆ ಪತಂಗದಿಂದ ಮೊದಲಾಯಿತು. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಬಾಂಬಿಕಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಹೀಗೆ ಸ್ವಜಾತಿಯನ್ನು ಕರೆಯುವ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಚಲಾವಣೆಗೆ ಬಂದದ್ದೂ ಅದೇ ವರ್ಷ. ಮುಂದೆ 1970ರ ಹೊತ್ತಿಗೆ ಕೈಸ್ಲಿಂಗ್ ಮತ್ತು ಪ್ರೀಸ್ನರ್ ಒಂದೇ ಒಂದು ಬಾಂಬಿಕಾಲ್ ಅಣು ಒಂದು ನರಕೋಶವನ್ನು ಮಿಡಿಸಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದರು. ಆದರೆ ರೇಷ್ಮೆ ಪತಂಗ ಸಾವಿರಾರು ವರ್ಷ ಮನುಷ್ಯನ ಸಾಕಣೆಯಲ್ಲಿದ್ದು ಹಾರುವುದನ್ನೇ ಮರೆತ ಜೀವಿ, ಅದರ ಗಂಡನ್ನು ಎಬ್ಬಿಸಲು ಬಾಂಬಿಕಾಲ್ ಒಂದೇ ಸಾಕು. ಅದರಿಂದ ಸೂಕ್ಷ್ಮತೆಯ ಪಾಠ ಕಲಿಯಬಹುದು. ಮಿಶ್ರಣವನ್ನು ವಿಂಗಡಿಸುವ ಪಾಠಕ್ಕೆ ಕಾಯಿಕೊರಕದಂಥ ಕಾಡುಜೀವಿಯ ಬಳಿಗೇ ಹೋಗಬೇಕು.

ಗಂಡಿನ ಕುಡಿಮೀಸೆಯ ಮೇಲೆ ಉದ್ದುದ್ದ ಸಂವೇದಿ ರೋಮಗಳಿವೆ. ರೋಮದ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ಅಣು ಒಳಕ್ಕೆ ಇಳಿಯುತ್ತದೆ. ಒಳಗಿರುವುದು ನೀರಿನಂಥ ದ್ರವ, ಅಣುವೋ ಎಣ್ಣೆಯ ಗುಣದ್ದು. ಅದನ್ನು ಹಿಡಿದು ದಾಟಿಸಲು ಫೆರೊಮೋನ್-ಬಂಧಕ ಪ್ರೋಟೀನ್ ಇದೆ. 1981ರಲ್ಲಿ ವೋಗ್ಟ್ ಮತ್ತು ರಿಡಿಫೋರ್ಡ್ ಇದನ್ನು ಗುರುತಿಸಿದರು. ನರಕೋಶದ ಪೊರೆಯಲ್ಲಿ ಕಾದಿರುವ ಗ್ರಾಹಕವನ್ನು ಅಣು ತಟ್ಟಿದೊಡನೆ ಅಯಾನುಗಳ ದಾರಿ ತೆರೆದು ನರ ಮಿಡಿಯುತ್ತದೆ. ಕೆಲಸ ಮುಗಿದ ಅಣುಗಳನ್ನು ಕಿಣ್ವಗಳು ಬೇಗನೆ ಒಡೆದುಹಾಕುತ್ತವೆ. ಈ ಒಡೆಯುವ ಕೆಲಸಕ್ಕೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲವೆಂದು ನನಗೆ ಅನ್ನಿಸುತ್ತದೆ. ಹಳೆಯ ವಾಸನೆ ಅಳಿಯದಿದ್ದರೆ ಹೊಸದನ್ನು ಅರಿಯುವುದು ಸಾಧ್ಯವಿಲ್ಲ.

ಕಾಯಿಕೊರಕದಲ್ಲಿ 11ರ ಅಣುವಿಗೆ ಸ್ಪಂದಿಸುವ ಗ್ರಾಹಕ ಓಆರ್13. ಇದನ್ನು ಹೊತ್ತ ರೋಮಗಳೇ ಕುಡಿಮೀಸೆಯಲ್ಲಿ ಬಹುಸಂಖ್ಯಾತ. 9ರ ಅಣುವಿಗೆ ಮಿಡಿಯುವ ರೋಮಗಳು ಕಡಿಮೆ. ಕಾಯಿಕೊರಕದ ಸೋದರ ಜಾತಿ, ತಂಬಾಕು ಮತ್ತು ಮೆಣಸಿನಕಾಯಿಗೆ ಬೀಳುವ ಹೆಲಿಕೋವರ್ಪಾ ಅಸಲ್ಟಾ, ಪ್ರಮಾಣವನ್ನು ತಿರುವುಮುರುವು ಮಾಡಿಕೊಂಡಿದೆ. ಅದರಲ್ಲಿ 9ರ ಅಣುವೇ ಹೆಚ್ಚು. ಚೆನ್-ಝು ವಾಂಗ್ ಅವರ ಬಳಗ 2013 ಮತ್ತು 2015ರಲ್ಲಿ ಈ ಎರಡನ್ನೂ ಜೊತೆಗಿಟ್ಟು ಪರೀಕ್ಷಿಸಿತು. ರೋಮಗಳ ಬಗೆಗಳು ಎರಡರಲ್ಲಿಯೂ ಅವೇ, ಅವುಗಳ ಸಂಖ್ಯೆ ಮಾತ್ರ ಅದಲುಬದಲು. ಮೆದುಳಿನ ಘ್ರಾಣಹಾಲೆಯಲ್ಲಿ ಗಂಡಿಗೆ ಮಾತ್ರ ಇರುವ ದೊಡ್ಡ ನರಗುಚ್ಛಗಳಲ್ಲಿ ಅತಿ ದೊಡ್ಡದು ಆಯಾ ಜಾತಿಯ ಮುಖ್ಯ ಅಣುವಿಗೆ ಮೀಸಲು. ಹೀಗೆ ಪ್ರಮಾಣದ ಗಣಿತ ಅಂಗರಚನೆಯಲ್ಲೇ ಅಡಗಿದೆ.

ಸರಿಯಾದ ವಾಸನೆಗೆ ಓಗೊಡುವಷ್ಟೇ ಮುಖ್ಯವಾದುದು ತಪ್ಪು ವಾಸನೆಯಿಂದ ಹಿಂದೆಗೆಯುವುದು. ಇನ್ನೂ ಬಲಿಯದ ಹೆಣ್ಣು ಕಾಯಿಕೊರಕದಲ್ಲಿ 11ರ ಅಣುವಿನ ಆಲ್ಕೊಹಾಲ್ ರೂಪವಿರುತ್ತದೆ. ಗಂಡು ಅದನ್ನು ಓಆರ್16 ಎಂಬ ಗ್ರಾಹಕದಿಂದ ಅರಿತು ದೂರ ಸರಿಯುತ್ತದೆ. 2017ರಲ್ಲಿ ಚೀನಾದ ಸಂಶೋಧಕರು ಈ ಗ್ರಾಹಕದ ವಂಶವಾಹಿಯನ್ನು ಕತ್ತರಿಸಿ ನೋಡಿದಾಗ ಗಂಡುಗಳು ಬಲಿಯದ ಹೆಣ್ಣುಗಳನ್ನೂ ಕೂಡಿದವು, ಫಲವಂತ ಮೊಟ್ಟೆಗಳು ತಗ್ಗಿದವು. ಈ ಕ್ಷೇತ್ರದ ಪ್ರಯೋಗಗಳಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಇದು. ಜಾತಿಯ ಗುರುತಿಗೆ ನೆರವಾಗುವ ಇಂದ್ರಿಯವೇ ಹೆಣ್ಣಿನ ಪ್ರಾಯವನ್ನೂ ತಿಳಿಯುತ್ತದೆ.

ಇನ್ನು ಕಾಲದ ವಿಚಾರ. ವಾಸನೆ ಗಾಳಿಯಲ್ಲಿ ಒಂದೇ ಸಮನೆ ಹರಡುವುದಿಲ್ಲ, ಎಳೆಎಳೆಯಾಗಿ ಹರಿದು ಬರುತ್ತದೆ. ಎಳೆ ತಗುಲಿದರೆ ಗಂಡು ಗಾಳಿಗೆ ಎದುರಾಗಿ ನುಗ್ಗುತ್ತದೆ, ತಪ್ಪಿದರೆ ಅಡ್ಡಡ್ಡ ಹಾರಿ ಹುಡುಕುತ್ತದೆ. ಅಮೆರಿಕದ ಹೆಲಿಕೋವರ್ಪಾ ಜಿಯಾ ಮೇಲೆ ಟಾಮ್ ಬೇಕರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿರೋಧಿ ವಾಸನೆಯ ಎಳೆ ಹೆಣ್ಣಿನ ವಾಸನೆಯ ಎಳೆಯಿಂದ ಕೇವಲ 1 ಮಿಲಿಮೀಟರಿನಷ್ಟು ಸರಿದಿದ್ದರೂ ಗಂಡು ಅದನ್ನು ಬೇರೆ ಮೂಲದ್ದೆಂದು ಗುರುತಿಸಿತು. ನೆರೆಯ ಗದ್ದೆಯ ವಾಸನೆ ಬಂದು ಸೇರುವಲ್ಲಿ ಗಂಡು ದಾರಿ ತಪ್ಪದಿರಲು ಈ ಶಕ್ತಿಯೂ ಬೇಕು.

ಹೊಲದ ಮೋಹಕ ಬಲೆಯಲ್ಲಿ ನಾವು ತೂಗುಹಾಕುವ, ಈ ಅಣುಗಳನ್ನು ಸವರಿದ ಲೂರ್ ಎಂಬ ರಬ್ಬರ್ ತುಣುಕು ಈ ಎಲ್ಲ ಪರೀಕ್ಷೆಗಳನ್ನೂ ಗೆಲ್ಲಬೇಕು. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1980ರ ದಶಕದಲ್ಲೇ ಕಾಯಿಕೊರಕಕ್ಕೆ ಬಲೆಗಳ ಜಾಲವನ್ನು ದೇಶದ ಹಲವೆಡೆ ಹರಡಿತ್ತು. ಭತ್ತದ ಕಾಂಡಕೊರಕವನ್ನು ಸಾಮೂಹಿಕವಾಗಿ ಹಿಡಿಯಲು ಹೆಕ್ಟೇರಿಗೆ 20 ಬಲೆಗಳ ಶಿಫಾರಸು ಇದೆ. ಆದರೆ ಆಲ್ಡಿಹೈಡ್‌ಗಳು ಬಿಸಿಲಿಗೆ, ಗಾಳಿಗೆ ಬೇಗ ಕೆಡುವ ವಸ್ತುಗಳು. ನವಲಿಯ ಬೇಸಿಗೆಯಲ್ಲಿ ಅಂಗಡಿಯ ಹಲಗೆಯ ಮೇಲೆ ತಿಂಗಳುಗಟ್ಟಲೆ ಕುಳಿತ ಲೂರಿನಲ್ಲಿ ಮೊದಲಿನ ಪ್ರಮಾಣವೇ ಉಳಿದಿದೆ ಎಂದು ನಂಬಲು ಆಧಾರವಿಲ್ಲ. ಭತ್ತದ ಲೂರ್ ಮುಟ್ಟಿದ ಕೈಯಲ್ಲೇ ಕಡಲೆಯದನ್ನು ಮುಟ್ಟಿದರೆ ಶೇ. 3 ಇರಬೇಕಾದ 9ರ ಅಣು ಹೆಚ್ಚಬಹುದು. ಅದು ಹೆಚ್ಚಿದಷ್ಟೂ ಗಂಡು ಕಾಯಿಕೊರಕದ ಒಲವು ತಗ್ಗುತ್ತದೆ. ಬಲೆಗೆ ಪತಂಗ ಬೀಳಲಿಲ್ಲವೆಂದು ಬೆಳೆಯಲ್ಲಿ ಕೀಡಿ ಇಲ್ಲವೆಂದು ತಿಳಿಯುವುದು ಅಪಾಯ.

ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಸುಮಾರು 30 ಟಿಎಂಸಿ ನೀರಿನ ಜಾಗ ಹೋದದ್ದರಿಂದ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ಬಂದಿದೆ. ಅದನ್ನು ಕಟ್ಟಿದರೆ ನೀರಾವರಿ ಬೆಳೆ ಮತ್ತು ಒಣಬೇಸಾಯದ ಗೆರೆ ಸರಿಯುತ್ತದೆ. ಆದ್ದರಿಂದ ಈಗಿನ ಸ್ಥಿತಿಯ ದಾಖಲೆ ಮೊದಲು ಆಗಬೇಕು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೂ ಇದು ನಿಲುಕುವ ಕೆಲಸ. 9ರ ಅಣುವಿನ ಪಾಲು ಶೇ. 3, 10 ಮತ್ತು 25 ಇರುವ ಲೂರುಗಳನ್ನು, ಜೊತೆಗೆ ಏನೂ ಸವರದ ಖಾಲಿ ರಬ್ಬರನ್ನು, ಭತ್ತ ಮತ್ತು ಕಡಲೆ ಕೂಡುವ ಬದುವಿನ ಮೇಲೂ ಎರಡೂ ಕಡೆಯ ನಡುಹೊಲದಲ್ಲೂ ಇಟ್ಟು, ಹಿಂಗಾರಿನ ಉದ್ದಕ್ಕೂ ಬಿದ್ದ ಗಂಡುಗಳನ್ನು ಜಾತಿವಾರು ಎಣಿಸಬೇಕು. ಶೇ. 3ರ ಲೂರಿಗೆ ನಡುಹೊಲದಲ್ಲಿ ಬಿದ್ದಷ್ಟು ಕಾಯಿಕೊರಕ ಬದುವಿನಲ್ಲಿ ಬೀಳದಿದ್ದರೆ, ಭತ್ತದ ಕಡೆಯ ವಾಸನೆ ಅಡ್ಡಿಯಾಗುತ್ತಿದೆಯೇ ಎಂದು ಸಂಶಯಿಸಿ, ಆ ಕಡೆಯ ಕಾಂಡಕೊರಕದ ಬಲೆಗಳನ್ನು ತೆಗೆದು ಮತ್ತೊಮ್ಮೆ ಎಣಿಸಬೇಕಾಗುತ್ತದೆ.