ಜೋಡಿ ಕಟ್ಟುವವರು ಯಾರು? ಹೆಣ್ಣು ಪೈಲವಾನರ ಕಸುಬು ಮತ್ತು ಮಲಪ್ರಭೆಯ ಸೀಮೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಕಡೆ ಜಾತ್ರೆಯ ಕುಸ್ತಿ ಶುರುವಾಗುವುದು ಕಣದಲ್ಲಲ್ಲ. ಅದಕ್ಕೂ ಎಷ್ಟೋ ದಿನ ಮುಂಚೆ ಊರ ಹಿರಿಯರು, ಕಮಿಟಿಯವರು ಕೂತು ಜೋಡಿ ಕಟ್ಟುತ್ತಾರೆ. ಯಾವ ಪೈಲವಾನನಿಗೆ ಯಾರು ಸರಿಜೋಡಿ, ಯಾವ ಜೋಡಿಗೆ ಎಷ್ಟು ಇನಾಮು, ಸೋಲು ಗೆಲುವು ತೀರುವವರೆಗೆ ನಡೆಯುವ ಕೊನೆಯ ನಿಕಾಲಿ ಕುಸ್ತಿಗೆ ಬೆಳ್ಳಿ ಗದೆಯೋ ಬೆಳ್ಳಿ ಖಡೆಯೋ, ಎಲ್ಲ ಅಲ್ಲಿ ತೀರ್ಮಾನವಾಗಬೇಕು. ಹಲಗಿ ಬಡಿಯುವುದು, ಮಣ್ಣು ಎರಚುವುದು, ಜನ ಕೇಕೆ ಹಾಕುವುದು ಆಮೇಲಿನ ಮಾತು. ಜೋಡಿ ಸಿಗದ ಪೈಲವಾನ ಗರಡಿಯಲ್ಲಿ ಎಷ್ಟು ಸಾಮು ಮಾಡಿದರೂ ಅವನ ಮೈ ಅವನಿಗೆ ಅನ್ನ ಹಾಕುವುದಿಲ್ಲ.

ಕುಸ್ತಿಯನ್ನು ಶೌರ್ಯವಾಗಿ, ವ್ರತವಾಗಿ, ಊರಿನ ಮಾನವಾಗಿ ನೋಡಿದ ಬರಹಗಳು ನಮ್ಮಲ್ಲಿ ಬಂದಿವೆ. ಕಸುಬಾಗಿ ನೋಡಿದವು ಕಡಿಮೆ. ಈ ಲೇಖನ ಆ ಬದಿಯಿಂದ ಒಂದು ಪ್ರಶ್ನೆ ಕೇಳುತ್ತದೆ: ಜಪಾನಿನಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳಿಗೆ ಜೀವನೋಪಾಯವಾಗಿ ಒದಗಿದ ಕುಸ್ತಿ, ರಾಣಿಯರು ಕತ್ತಿ ಹಿಡಿದ ಈ ನೆಲದ ಹೆಣ್ಣುಮಗಳಿಗೆ ಏಕೆ ಒದಗಲಿಲ್ಲ? ‘ನಮ್ಮ ಸಂಪ್ರದಾಯ ಒಪ್ಪಲಿಲ್ಲ’ ಎಂಬುದು ರೂಢಿಯ ಉತ್ತರ. ಅದು ಸಾಲದು ಎಂದು ನನಗೆ ಅನ್ನಿಸಿದೆ. ಸಂಪ್ರದಾಯಕ್ಕಿಂತ ಹೆಚ್ಚು ಅಡ್ಡ ಬಂದದ್ದು ಜೋಡಿ ಕಟ್ಟುವ ಅಧಿಕಾರ. ಆ ಅಧಿಕಾರ ನಡೆದ ರೀತಿಯನ್ನು ಒಂದು ವರ್ಷದಲ್ಲಿ, 1954ರಲ್ಲಿ, ಸ್ಪಷ್ಟವಾಗಿ ಕಾಣಬಹುದು.

ಮೊದಲು ಸಂಪ್ರದಾಯದ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವಿದೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವುದು, ಅವರ ಆಹಾರ, ವ್ಯಾಯಾಮ, ಪಟ್ಟುಗಳು ಎಲ್ಲವೂ ಅಲ್ಲಿ ಬರುತ್ತವೆ. ಮಲ್ಲನನ್ನು ಸಾಕುವವನು ಅರಸ; ಇಂದಿಗೂ ಪೈಲವಾನನ ಮನೆಯವರನ್ನು ಹೈರಾಣು ಮಾಡುವ ಖುರಾಕಿನ ಖರ್ಚು ಆಗ ಅರಮನೆಯದು. ಆ ಪುಟಗಳ ಮಲ್ಲ ಗಂಡಸು. ಆದರೆ ನಾಲ್ಕು ಶತಮಾನಗಳ ಮೇಲೆ, ಅಚ್ಯುತರಾಯನ ಕಾಲದ ವಿಜಯನಗರವನ್ನು ಕಂಡ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಅರಮನೆಯ ಹೆಂಗಸರ ಕೆಲಸಗಳನ್ನು ಹೇಳುತ್ತ ಲೆಕ್ಕ ಬರೆಯುವವರ, ಜ್ಯೋತಿಷ ಹೇಳುವವರ ಜತೆಗೆ ಕುಸ್ತಿ ಹಿಡಿಯುವ ಹೆಂಗಸರನ್ನೂ ಹೆಸರಿಸುತ್ತಾನೆ. ಅಡುಗೆ, ಸಂಗೀತದಂತೆ ಅದೂ ಅರಮನೆಯ ಒಂದು ಉದ್ಯೋಗವೆಂಬಂತೆ, ಬೆರಗಿಲ್ಲದೆ ಹೇಳಿದ ಮಾತು ಅದು. ಕನ್ನಡ ನೆಲದಲ್ಲಿ ಹೆಣ್ಣು ಕುಸ್ತಿ ಹಿಡಿದದ್ದೇ ಇಲ್ಲ ಎಂಬ ವಾದ ಇಲ್ಲಿಗೇ ನಿಲ್ಲುತ್ತದೆ. ಸಾಕುವ ಕೈ ಇದ್ದಾಗ ಹೆಣ್ಣು ಮಲ್ಲರೂ ಇದ್ದರು.

ನಮ್ಮ ನಾಲ್ಕು ತಾಲೂಕುಗಳಿಗೆ ಬಂದರೆ ನೆನಪು ಇನ್ನೂ ಹತ್ತಿರದ್ದು. ಇಂದಿನ ಬೈಲಹೊಂಗಲ ತಾಲೂಕಿನ ಬೆಳವಡಿಯ ಮಲ್ಲಮ್ಮ 17ನೆಯ ಶತಮಾನದಲ್ಲಿ ಹೆಣ್ಣು ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದಳೆಂದು ಈ ಸೀಮೆ ಹೇಳಿಕೊಂಡು ಬಂದಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಪಡೆಯ ಎದುರು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಮುಂದೆ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ, ಸಮಾಧಿಯೂ ಅಲ್ಲೇ. ಚೆನ್ನಮ್ಮನ ಹೆಸರಿನಲ್ಲಿ ಕಿತ್ತೂರಿನಲ್ಲಿ 1969ರಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಶುರುವಾಯಿತು. ದೇಶದ ಬೇರೆಡೆ ಸೈನಿಕ ಶಾಲೆಯೆಂದರೆ ಗಂಡುಹುಡುಗರದೇ ಆಗಿದ್ದ ಕಾಲ ಅದು. ಹೆಣ್ಣಿನ ಮೈಗೆ ಕಸುವು ಸಲ್ಲದು ಎಂದು ಈ ಸೀಮೆ ಎಂದೂ ಹೇಳಿಲ್ಲ. ಕುದುರೆಯ ಮೇಲೆ ಕೂತ ಹೆಣ್ಣಿನ ಪ್ರತಿಮೆ ಇಲ್ಲಿಯ ಊರೂರ ಚೌಕದಲ್ಲಿದೆ.

ಆದರೆ ಗರಡಿಯ ಬಾಗಿಲು ಬೇರೆ. ಒಳಗೆ ಹನುಮಪ್ಪ, ಬ್ರಹ್ಮಚರ್ಯದ ನೇಮ, ಲಂಗೋಟಿ. ಬೈಲಹೊಂಗಲ, ಸವದತ್ತಿಯ ಬಹುಪಾಲು ಹೊಲ ಎರಿ ಮಣ್ಣಿನದು. ಹತ್ತಿಗೆ, ಜೋಳಕ್ಕೆ ಒಗ್ಗುವ ಆ ಮಣ್ಣು ಕುಸ್ತಿಗೆ ಬರುವುದಿಲ್ಲ. ಕೆಮ್ಮಣ್ಣು ತಂದು, ಕಲ್ಲುಹರಳು ಆರಿಸಿ, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆರಸ ಹಾಕಿ ಹದ ಮಾಡಬೇಕು. ಇಷ್ಟು ಜತನದಿಂದ ಮಾಡಿದ ಮಣ್ಣನ್ನು ಗರಡಿಯವರು ದೇವರಂತೆ ಕಾಣುತ್ತಾರೆ, ಹೆಣ್ಣುಮಕ್ಕಳು ಅದನ್ನು ಹೊರಗೆ ನಿಂತೇ ನೋಡಬೇಕಾಗಿತ್ತು. ಯುದ್ಧಕ್ಕೆ ಒಪ್ಪಿಗೆ ಇದ್ದ ಹೆಣ್ಣಿಗೆ ಕಸುಬಿಗೆ ಒಪ್ಪಿಗೆ ಇರಲಿಲ್ಲ.

1954

ಸ್ವಾತಂತ್ರ್ಯಾನಂತರ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಭಾವೆ ಮನೆತನದ ರಾಮದುರ್ಗ ಸಂಸ್ಥಾನವೂ 1948ರಲ್ಲಿ ಅದಕ್ಕೇ ಸೇರಿತು. 1956ರ ನವೆಂಬರ್ 1ರವರೆಗೆ ಈ ನಾಲ್ಕೂ ಊರುಗಳಿಗೆ ಸರಕಾರವೆಂದರೆ ಮುಂಬಯಿ. ಕುಸ್ತಿಗೂ ದಿಕ್ಕು ಅದೇ ಕಡೆ: ಶಾಹೂ ಮಹಾರಾಜರು ಕಟ್ಟಿಸಿದ, 1912ರಲ್ಲಿ ತೆರೆದ ಕೊಲ್ಲಾಪುರದ ಖಾಸಬಾಗ್ ಮೈದಾನದಲ್ಲಿ ಗೆದ್ದು ಬಂದವನಿಗೆ ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಬೆಲೆ ಹೆಚ್ಚು. ಆದ್ದರಿಂದ ಹಮೀದಾ ಬಾನು ಅವರ ಕಥೆಯನ್ನು ಎಲ್ಲೋ ಉತ್ತರದ ಕಥೆಯೆಂದು ಬಿಡಲಾಗದು. ಅವರ ಬದುಕಿನ ನಿರ್ಣಾಯಕ ಘಟನೆಗಳು ನಡೆದದ್ದು ನಮ್ಮನ್ನೂ ಆಳುತ್ತಿದ್ದ ಸರಕಾರದ ಕೆಳಗೆ.

ಉತ್ತರಪ್ರದೇಶದಲ್ಲಿ ಹುಟ್ಟಿ ಅಲಿಗಡದಲ್ಲಿ ಪಳಗಿದ ಹಮೀದಾ ಬಾನು 1954ರ ಫೆಬ್ರುವರಿಯಲ್ಲಿ ಒಂದು ಪಂಥ ಒಡ್ಡಿದರು: ತನ್ನನ್ನು ಕುಸ್ತಿಯಲ್ಲಿ ಗೆದ್ದವನನ್ನು ಮದುವೆಯಾಗುವುದಾಗಿ. ಪಟಿಯಾಲಾದ ಒಬ್ಬ, ಕಲಕತ್ತೆಯ ಒಬ್ಬ ಪೈಲವಾನ ಸೋತರು. ಆ ಮೇ ತಿಂಗಳಲ್ಲಿ ಬಡೋದೆಯಲ್ಲಿ ಬಾಬಾ ಪಹಲ್ವಾನ್ 1 ನಿಮಿಷ 34 ಸೆಕೆಂಡಿನಲ್ಲಿ ಚಿತ್ತಾದ. ಅದೇ ವರ್ಷ ಮುಂಬಯಿಯಲ್ಲಿ ರಷ್ಯಾದ ವೆರಾ ಚಿಸ್ತಿಲಿನ್ ಅವರನ್ನು ಒಂದು ನಿಮಿಷದೊಳಗೆ ಕೆಡವಿದರು. ಕೊಲ್ಲಾಪುರದಲ್ಲಿ ಗಂಡು ಪೈಲವಾನನನ್ನು ಸೋಲಿಸಿದಾಗ ಜನ ಕೂಗಾಡಿ ಕಲ್ಲು ಬೀರಿದರು, ಪೊಲೀಸರು ಬರಬೇಕಾಯಿತು. ಮುಂದೆ ರಾಮಚಂದ್ರ ಸಾಳುಂಖೆಯವರೊಂದಿಗೆ ಗೊತ್ತಾಗಿದ್ದ ಕುಸ್ತಿ ನಿಂತೇಹೋಯಿತು. ತನ್ನ ಕುಸ್ತಿಗಳ ಮೇಲಿನ ನಿಷೇಧದ ಬಗ್ಗೆ ಹಮೀದಾ ಬಾನು ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ದೂರು ಕೊಟ್ಟರು. ನಿಷೇಧಕ್ಕೆ ಕಾರಣ ಆಕೆ ಹೆಣ್ಣೆಂಬುದಲ್ಲ, ಕುಸ್ತಿ ಏರ್ಪಡಿಸುವವರು ಎದುರಿಗೆ ಡಮ್ಮಿಗಳನ್ನು ನಿಲ್ಲಿಸುತ್ತಿದ್ದಾರೆಂಬ ದೂರುಗಳು ಎಂದು ದೇಸಾಯಿ ಉತ್ತರಿಸಿದರು.

ಈ ಉತ್ತರವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಳಒಪ್ಪಂದದ ಕುಸ್ತಿ ಗಂಡಸರಲ್ಲೂ ಇತ್ತು. ಅದಕ್ಕಾಗಿ ಗಂಡಸರ ಕುಸ್ತಿಯ ಕಸುಬು ನಿಂತುಹೋಗಲಿಲ್ಲ. ಹೆಣ್ಣಿನ ವಿಷಯದಲ್ಲಿ ಮಾತ್ರ ಗೆದ್ದರೆ ಎದುರಾಳಿ ಡಮ್ಮಿ, ಎದುರಾಳಿ ನಿಜವಾದರೆ ಜೋಡಿಯೇ ಇಲ್ಲ. ಆಕೆಯ ಗೆಲುವೇ ಆಕೆಯ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು. ಗಂಡಸರ ವಿರುದ್ಧ ಅಲ್ಲದೆ ಬೇರೆ ಜೋಡಿ ಕಟ್ಟುವಷ್ಟು ಹೆಣ್ಣು ಪೈಲವಾನರೂ ದೇಶದಲ್ಲಿ ಇರಲಿಲ್ಲ, ಇರಲು ಗರಡಿ ಬಿಟ್ಟಿರಲಿಲ್ಲ. ಯೂರೋಪಿಗೆ ಹೋಗುವ ಆಸೆ ಈಡೇರಲಿಲ್ಲ. ಮುಂಬಯಿ ಬಳಿಯ ಕಲ್ಯಾಣದಲ್ಲಿ ಹಾಲು ಮಾರಿ ಬದುಕಿದ ಹಮೀದಾ ಬಾನು 1986ರಲ್ಲಿ ತೀರಿಕೊಂಡರು.

ಅದೇ 1954ರ ನವೆಂಬರಿನಲ್ಲಿ ಅಮೆರಿಕದ ಕುಸ್ತಿಪಟು ಮಿಲ್ಡ್ರೆಡ್ ಬರ್ಕ್ ತಮ್ಮ ತಂಡದೊಂದಿಗೆ ಜಪಾನಿಗೆ ಹೋದರು. ಅಲ್ಲಿ ಅದುವರೆಗೆ ಹೆಂಗಸರ ಕುಸ್ತಿಯೆಂದರೆ ಹೆಚ್ಚಾಗಿ ಅಮೆರಿಕನ್ ಸೈನಿಕರ ಮನರಂಜನೆಗೆ ನಡೆದ ಸಣ್ಣ ಪ್ರದರ್ಶನಗಳು. ಬರ್ಕ್ ಬಂದುಹೋದ ಮೇಲೆ ಅಲ್ಲಿಯ ಹುಡುಗಿಯರೇ ಒಬ್ಬರಿಗೊಬ್ಬರು ಜೋಡಿಯಾದರು. ಆ ಉತ್ಸಾಹವೂ ಕೆಲ ವರ್ಷಗಳಲ್ಲಿ ಇಳಿಯಿತು. ಆದರೆ 1968ರಲ್ಲಿ ಮಾತ್ಸುನಾಗಾ ಸಹೋದರರು ‘ಆಲ್ ಜಪಾನ್ ವುಮೆನ್ಸ್ ಪ್ರೊ-ರೆಸ್ಲಿಂಗ್’ ಕಂಪನಿ ಕಟ್ಟಿದಾಗ ಬುನಾದಿ ಸಿದ್ಧವಿತ್ತು.

ಕಂಪನಿ

ಈ ಜಪಾನಿ ಕುಸ್ತಿ ನಮ್ಮ ನಿಕಾಲಿ ಕುಸ್ತಿಯಲ್ಲ. ಸೋಲು ಗೆಲುವು ಮುಂಚೆಯೇ ಗೊತ್ತುಮಾಡಿದ ಆಟ ಅದು. ಬೀಳುವ ಪೆಟ್ಟು ಮಾತ್ರ ನಿಜ. ಮೊರಾರ್ಜಿಯವರ ಸರಕಾರ ಇಲ್ಲಿ ಯಾವುದನ್ನು ದೋಷವೆಂದು ಕಂಡಿತೋ ಅದನ್ನೇ ಅಲ್ಲಿಯವರು ಒಪ್ಪಿತ ಕಲೆಯಾಗಿಸಿಕೊಂಡರು. ಕುಸ್ತಿಗಿಂತ ನಮ್ಮ ವೃತ್ತಿ ನಾಟಕ ಕಂಪನಿಯನ್ನು ನೆನೆದರೆ ಅದು ಬೇಗ ಅರ್ಥವಾಗುತ್ತದೆ: ಒಟ್ಟಿಗೆ ವಾಸ, ಕಿರಿಯರು ಹಿರಿಯರ ಚಾಕರಿ ಮಾಡುತ್ತ ಕಲಿಯುವುದು, ಊರಿಂದೂರಿಗೆ ಕ್ಯಾಂಪು, ಟಿಕೆಟ್ಟಿನ ಗಳಿಕೆ, ಒಳ್ಳೆಯವರು ಮತ್ತು ಖಳರ ಪಾತ್ರ ಹಂಚಿಕೆ.

ನಾಗಾಸಾಕಿ ಸೀಮೆಯ ಚಿಗುಸಾ ನಾಗಾಯೋ 1980ರಲ್ಲಿ 15ನೆಯ ವಯಸ್ಸಿಗೆ ಕಣಕ್ಕಿಳಿದವರು. 1983ರಲ್ಲಿ ಲಯನೆಸ್ ಆಸುಕಾ ಜತೆ ‘ಕ್ರಷ್ ಗಾಲ್ಸ್’ ಎಂಬ ತಂಡವಾದರು. ಟಿವಿಯಲ್ಲಿ ಅವರನ್ನು ಕಂಡು ಕೇಕೆ ಹಾಕಿದವರಲ್ಲಿ ಬಹುಪಾಲು ಶಾಲೆಯ ಹುಡುಗಿಯರು. 1985ರ ಆಗಸ್ಟ್ 28ರಂದು ಒಸಾಕಾದಲ್ಲಿ, ಸೋತವರು ತಲೆ ಬೋಳಿಸಿಕೊಳ್ಳಬೇಕೆಂಬ ಪಂಥದಲ್ಲಿ ಡಂಪ್ ಮಾತ್ಸುಮೊಟೊಗೆ ನಾಗಾಯೋ ಸೋತಾಗ ಆ ಹುಡುಗಿಯರು ಬಿಕ್ಕಿಬಿಕ್ಕಿ ಅತ್ತರು. ಆ ಕಂಪನಿಯಲ್ಲಿ 25-26ಕ್ಕೆ ನಿವೃತ್ತಿಯ ಕಟ್ಟಳೆ. ಮದ್ಯ, ತಂಬಾಕು, ಗಂಡಸರ ಗೆಳೆತನ ಮೂರೂ ನಿಷಿದ್ಧ. ನಾಗಾಯೋ 1989ರಲ್ಲಿ, 24ಕ್ಕೆ, ಕಣ ಬಿಟ್ಟರು. 1993ರಲ್ಲಿ ಮರಳಿದರು, 1995ರಲ್ಲಿ ‘ಗಯಾ’ ಎಂಬ ತಮ್ಮದೇ ಕಂಪನಿ ಕಟ್ಟಿ ಹೊಸ ಹುಡುಗಿಯರನ್ನು ಪಳಗಿಸಿದರು. ನನ್ನ ವಾದಕ್ಕೆ ಇದು ಮುಖ್ಯ: ಜೋಡಿ ಕಟ್ಟಿಸಿಕೊಳ್ಳುತ್ತಿದ್ದವರು ಜೋಡಿ ಕಟ್ಟುವವರಾದರು. ಮನೆಯ ಭಾಷೆಯಲ್ಲಿ ಹೇಳುವುದಾದರೆ ಹೆಣ್ಣು ವಸ್ತಾದಿ, ಗರಡಿಯಲ್ಲಿ ಕುಸ್ತಿ ಕಲಿಸುವಾಕೆ.

ಈ ಕಸುಬನ್ನು ಹೊಗಳಲು ನಾನು ಇದನ್ನೆಲ್ಲ ಹೇಳುತ್ತಿಲ್ಲ. ಎಳೆಯ ಮೈಗಳನ್ನು ಹತ್ತು ವರ್ಷ ದುಡಿಸಿ ಕಳಿಸಿಬಿಡುವ ಕಟ್ಟಳೆ ಕ್ರೂರವಾದದ್ದು. ‘ಸ್ಟಾರ್‌ಡಮ್’ ಕಂಪನಿಯ ಹಾನಾ ಕಿಮುರಾ, ಕುಸ್ತಿಪಟುವಿನ ಮಗಳು, ಒಂದು ರಿಯಾಲಿಟಿ ಷೋದಲ್ಲಿ ಕಾಣಿಸಿಕೊಂಡ ಮೇಲೆ ಅಂತರ್ಜಾಲದಲ್ಲಿ ಬೈಗುಳದ ಮಳೆಗೆ ಸಿಕ್ಕಿ 2020ರ ಮೇ 23ರಂದು, 22ನೆಯ ವಯಸ್ಸಿಗೆ, ಜೀವ ಕಳೆದುಕೊಂಡರು. 2022ರಲ್ಲಿ ಜಪಾನ್ ಅವಮಾನದ ಅಪರಾಧಕ್ಕೆ ಶಿಕ್ಷೆ ಹೆಚ್ಚಿಸಿತು. ಮಗಳನ್ನು ಕಳೆದುಕೊಂಡ ತಾಯಿಯ ಹೋರಾಟ ಅದರ ಹಿಂದಿದೆ.

ಹಾಗಾದರೆ ನಮ್ಮ ಸೀಮೆಯಲ್ಲಿ ಕಂಪನಿಯ ಮಾದರಿ ಇರಲಿಲ್ಲವೇ? ಧಾರಾಳವಾಗಿ ಇತ್ತು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ತಮ್ಮದೇ ಕಂಪನಿ ನಡೆಸಿದರು; ಲಕ್ಷ್ಮೀಬಾಯಿಯವರಂಥ ನಟಿಯರು ಅಲ್ಲಿ ಬೆಳೆದರು. ಗೋಕಾಕ ಕಡೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಅಟ್ಟವನ್ನು ಹೆಣ್ಣಿಗೆ ತೆರೆದವರು. ಸಂಬಳ ಪಡೆದು, ಊರೂರು ತಿರುಗಿ, ಜನರೆದುರು ನಿಂತು ದುಡಿಯುವ ಹೆಣ್ಣು ಇಲ್ಲಿಗೆ ಹೊಸಬಳಲ್ಲ. ಆದರೆ ಆಕೆ ತೆತ್ತ ಬೆಲೆಯೂ ಇಲ್ಲಿಗೆ ಗೊತ್ತು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿಸುವ ಪದ್ಧತಿಯನ್ನು ಕರ್ನಾಟಕ 1982ರ ಕಾನೂನಿನಿಂದ ನಿಷೇಧಿಸಬೇಕಾಯಿತು. ಆ ಪದ್ಧತಿಯ ನೆರಳಿನಲ್ಲಿ, ಜನರೆದುರು ಮೈ ತೋರಿ ದುಡ್ಡು ಪಡೆಯುವ ಹೆಣ್ಣೆಂದರೆ ಊರ ಬಾಯಿ ಒಂದೇ ಅರ್ಥ ಹಚ್ಚುತ್ತಿತ್ತು. ಒಕ್ಕಲು ಮನೆತನಗಳು ಮಗಳನ್ನು ಅಟ್ಟದಿಂದಲೂ ಕಣದಿಂದಲೂ ದೂರ ಇಟ್ಟದ್ದಕ್ಕೆ ಹನುಮಪ್ಪನ ಬ್ರಹ್ಮಚರ್ಯಕ್ಕಿಂತ ಈ ಭಯವೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ.

ಮ್ಯಾಟು ಮತ್ತು ಮಣ್ಣು

ಹೆಣ್ಣುಮಗಳಿಗೆ ಕುಸ್ತಿಯ ಬಾಗಿಲು ತೆರೆದದ್ದು ಕೊನೆಗೂ ಗರಡಿಯಿಂದಲ್ಲ, ಒಲಿಂಪಿಕ್ಸಿನಿಂದ. 2004ರ ಅಥೆನ್ಸಿನಲ್ಲಿ 4 ತೂಕಗಳಲ್ಲಿ ಮಹಿಳಾ ಕುಸ್ತಿ ಸೇರಿತು. ಜಪಾನಿನ ಕಾಓರಿ ಇಚೋ ಅಲ್ಲಿಂದ 2016ರವರೆಗೆ ಸತತ 4 ಚಿನ್ನ ಗೆದ್ದರು. 2016ರಲ್ಲೇ ಸಾಕ್ಷಿ ಮಲಿಕ್ ಭಾರತಕ್ಕೆ ಕಂಚು ತಂದರು. ಪದಕದ ಕುಸ್ತಿಗೆ ಸರಕಾರದ ಕ್ರೀಡಾ ನಿಲಯ, ತರಬೇತುದಾರ, ಮ್ಯಾಟು ಬಂದವು. ಕರ್ನಾಟಕದಲ್ಲಿ ಇದರ ಫಲ ಮೊದಲು ಕಂಡದ್ದು ಗದಗ, ಹಳಿಯಾಳದ ಕಡೆ; ಗದುಗಿನ ಪ್ರೇಮಾ ಹುಚ್ಚಣ್ಣವರ, ಹಳಿಯಾಳದ ಲೀನಾ ಸಿದ್ದಿ ಅವರಂಥ ಹೆಸರುಗಳು ಆ ದಾರಿಯಿಂದ ಬಂದವು. ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಈಗ ಹೆಣ್ಣುಮಕ್ಕಳೂ ಕುಸ್ತಿ ಹಿಡಿಯುತ್ತಾರೆ.

ಇದು ದೊಡ್ಡ ಬದಲಾವಣೆ. ಆದರೂ ಕಸುಬಿನ ಪ್ರಶ್ನೆ ಹಾಗೇ ಉಳಿದಿದೆ. ಮ್ಯಾಟಿನ ಮೇಲೆ ಮೂರು ಮೂರು ನಿಮಿಷದ ಎರಡು ಸುತ್ತು, ಅಂಕ, ಪ್ರಮಾಣಪತ್ರ. ಅದರ ತುದಿಯಲ್ಲಿ ಪೊಲೀಸ್ ಅಥವಾ ರೈಲ್ವೆಯ ನೌಕರಿ ಸಿಕ್ಕರೆ ಸಿಕ್ಕೀತು. ಮಣ್ಣಿನಲ್ಲಿ ಇನಾಮು. ಗಂಡು ಪೈಲವಾನನಿಗೆ ಎರಡೂ ಇವೆ: ವರ್ಷವಿಡೀ ಒಂದಲ್ಲ ಒಂದು ಊರಿನ ಜಾತ್ರೆ, ಗೆದ್ದಂತೆಲ್ಲ ಏರುವ ಇನಾಮು, ಮೈ ಸೋತ ಮೇಲೆ ವಸ್ತಾದಿಯ ಪಟ್ಟ. ಹೆಣ್ಣುಮಗಳ ಮಣ್ಣಿನ ಕುಸ್ತಿ ಹೆಚ್ಚಾಗಿ ಸರಕಾರಿ ಉತ್ಸವಕ್ಕೆ ಕಟ್ಟಿಕೊಂಡಿದೆ. ಉತ್ಸವ ವರ್ಷಕ್ಕೊಂದು ಸಲ. ಖುರಾಕಾದರೋ ದಿನಾಲೂ ಬೇಕು.

ಈ ಅಧ್ಯಯನ ಮುಂದುವರಿಯಬೇಕಾದ ಜಾಗ ಯಾವುದೆಂದು ಕೇಳಿದರೆ ಜೋಡಿ, ಇನಾಮು ಅಚ್ಚಾಗುವ ಜಾತ್ರೆಯ ಹ್ಯಾಂಡ್‌ಬಿಲ್ಲುಗಳನ್ನು ತೋರಿಸುತ್ತೇನೆ. ಪತ್ರಾಗಾರಗಳು ಇವನ್ನು ಕೂಡಿಡುವುದಿಲ್ಲ. ಜಾತ್ರೆ ಮುಗಿದ ಮರುದಿನ ಚುರುಮುರಿ ಕಟ್ಟಲು ಹೋಗುತ್ತವೆ. ನಾಲ್ಕೂ ತಾಲೂಕುಗಳ ಕಮಿಟಿಗಳಿಂದ, ಅಚ್ಚುಕೂಟಗಳಿಂದ, ಹಳೆಯ ಪೈಲವಾನರ ಟ್ರಂಕುಗಳಿಂದ ಅವನ್ನು ಕೂಡಿಸಿ ವರ್ಷದ ಪ್ರಕಾರ ಜೋಡಿಸಬೇಕು. ಹೆಣ್ಣಿನ ಹೆಸರು ಮೊದಲು ಯಾವ ಊರಿನ ಜಾತ್ರೆಯಲ್ಲಿ, ಯಾವ ವರ್ಷ ಅಚ್ಚಾಯಿತು. ಹೆಸರಿನ ಜತೆ ಗರಡಿಯ ಹೆಸರಿದೆಯೋ ಕ್ರೀಡಾ ನಿಲಯದ್ದೋ. ಇನಾಮಿನ ಅಂಕಿ ಎಷ್ಟು. ಎದುರು ಜೋಡಿಯ ಜಾಗದಲ್ಲಿ ಒಂದು ಹೆಸರಿದೆಯೋ, ಖಾಲಿ ಗೆರೆಯೋ.