ಕಾರ್ಟಿಕೋಸ್ಟೀರಾಯ್ಡ್
ಲ್ಯಾಟಿನ್‌ನಲ್ಲಿ ‘ಕಾರ್ಟೆಕ್ಸ್’ ಎಂದರೆ ಮರದ ತೊಗಟೆ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೂ ಅದೇ ಹೆಸರು. ಅಲ್ಲಿ ತಯಾರಾಗುವ ಸ್ಟೀರಾಯ್ಡ್‌ಗಳೇ ಕಾರ್ಟಿಕೋಸ್ಟೀರಾಯ್ಡ್. ಇವುಗಳ ಶೋಧಕ್ಕಾಗಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಅವರಿಗೆ 1950ರ ನೊಬೆಲ್ ಸಂದಿತು. ಆಡುಮಾತಿನಲ್ಲಿ ಬರೀ ‘ಸ್ಟೀರಾಯ್ಡ್’.

ಶಿಡ್ಲಘಟ್ಟದಂಥ ರೇಷ್ಮೆ ಊರುಗಳಲ್ಲಿ ಈ ಪದದ ಪರಿಚಯ ಅಗತ್ಯ. ನೂಲು ಬಿಚ್ಚಾಣಿಕೆಯಲ್ಲಿ ಗೂಡಿನ ಪ್ರೋಟೀನು ಉಸಿರಿಗೆ ಸೇರಿ ಕೆಲವರಿಗೆ ಉಬ್ಬಸ ಬರುತ್ತದೆ. ಅದಕ್ಕೆ ಇನ್‌ಹೇಲರ್ ಮೊದಲು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಸಾಮಾನ್ಯವಾಗಿ ಕೆಲವೇ ದಿನಗಳದ್ದು. ವಾರಗಟ್ಟಲೆ ನುಂಗಿದರೆ ಅಡ್ರಿನಲ್ ಗ್ರಂಥಿಯ ಸ್ವಂತ ಸ್ರಾವ ಕುಗ್ಗುತ್ತದೆ. ಆಗ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳುವುದೂ ಅಪಾಯವೇ. ದೀರ್ಘಕಾಲ ಸೇವಿಸುವವರಿಗೆ ರಕ್ತದೊತ್ತಡ, ಸಕ್ಕರೆ, ಕಣ್ಣು, ಮೂಳೆಗಳ ತಪಾಸಣೆ ತಪ್ಪಬಾರದು.